ಸಮಾಜಸೇವೆಗೂ ಒಂದು ಡಿಗ್ರಿಯೆ?

ನಮ್ಮ ಜನ ಕಲಿಯದೆಯೇ ಬಲ್ಲ ವಿದ್ಯೆಗಳು ಮೂರು. ನೆಗಡಿ ಕೆಮ್ಮುಗಳಿಗೆ ಔಷಧ ಹೇಳುವುದು ಒಂದು, ಪರರ ಮನೆಯ ಹುಡುಗಿಗೆ ಗಂಡು ಗೊತ್ತುಮಾಡುವುದು ಇನ್ನೊಂದು, ಸಮಾಜಸೇವೆ ಮೂರನೆಯದು. ಮೊದಲನೆಯದಕ್ಕೆ ಕಾಲೇಜುಗಳಿರುವುದನ್ನು ಜನ ಹೇಗೋ ಒಪ್ಪಿಕೊಂಡುಬಿಟ್ಟಿದ್ದಾರೆ. ಮೂರನೆಯದಕ್ಕೂ ಕಾಲೇಜುಂಟು, ಎರಡು ವರ್ಷಗಳ ಪಾಠವುಂಟು, ಪರೀಕ್ಷೆಯುಂಟು, ಆ ಪರೀಕ್ಷೆಯಲ್ಲಿ ನಪಾಸಾಗುವವರೂ ಉಂಟು ಎಂದರೆ ನಂಬುವವರು ಕಡಮೆ.

೨೬ ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿದ್ದ ನಾನು ಸ್ವಯಂನಿವೃತ್ತಿ ಪಡೆದು, ೨೦೨೨ರಲ್ಲಿ, ನನ್ನ ೪೯ನೆಯ ವಯಸ್ಸಿನಲ್ಲಿ, ಮೈಸೂರಿನ ಒಂದು ಕಾಲೇಜಿನ ಎಂ.ಎಸ್.ಡಬ್ಲ್ಯೂ. ತರಗತಿಗೆ ಸೇರಿದಾಗ ಈ ಅಪನಂಬಿಕೆಯನ್ನು ಮೊದಲು ಮನೆಯಲ್ಲಿಯೇ ಎದುರಿಸಬೇಕಾಯಿತು. ನಮ್ಮ ಯಜಮಾನರು ಲೆಕ್ಕಪತ್ರದ ಮನುಷ್ಯ. ಶುಲ್ಕ, ಪುಸ್ತಕ, ಮಧ್ಯಾಹ್ನದ ಕಾಫಿ ಎಲ್ಲವನ್ನೂ ಒಂದು ಹಾಳೆಯ ಮೇಲೆ ಕೂಡಿಸಿ, "ಇಷ್ಟು ದುಡ್ಡನ್ನು ನೇರವಾಗಿ ಒಂದು ಅನಾಥಾಲಯಕ್ಕೆ ಕೊಟ್ಟುಬಿಟ್ಟರೆ ಸಮಾಜಕ್ಕೂ ಲಾಭ, ನಿನಗೂ ಓಡಾಟ ತಪ್ಪುತ್ತೆ" ಎಂದರು. ೭೮ ವರ್ಷದ ಅತ್ತೆಯವರ ವಾದ ಬೇರೆ. "ನಮ್ಮ ತೌರಿನಲ್ಲಿ ವಾರಾನ್ನದ ಹುಡುಗರಿಗೆ ಊಟ ಹಾಕ್ತಿದ್ವಿ. ಬಾಣಂತಿ ಇದ್ದ ಮನೆಗೆ ಪಕ್ಕದವರು ಸಾರು ಮಾಡಿ ತಂದುಕೊಡ್ತಿದ್ರು. ಅದಕ್ಕೆಲ್ಲ ಯಾರು ಪರೀಕ್ಷೆ ಕಟ್ಟಿದ್ರೇ?"

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಮೊದಲ ಸೆಮಿಸ್ಟರಿನ ಚರಿತ್ರೆಯ ಪಾಠದಲ್ಲಿ ಅರ್ಧ ಉತ್ತರ ದೊರಕಿತು. ಊರು ಸಣ್ಣದಾಗಿದ್ದು, ಕೊಡುವವರು ಪಡೆಯುವವರು ಒಂದೇ ಬೀದಿಯಲ್ಲಿದ್ದಾಗ ವಾರಾನ್ನ ಸಾಕಾಗಿತ್ತು. ಕಾರ್ಖಾನೆಗಳು ಬಂದು ಹಳ್ಳಿಯ ಜನವೆಲ್ಲ ಪಟ್ಟಣದ ಗಲ್ಲಿಗಳಲ್ಲಿ ಬಂದು ಬಿದ್ದಾಗ ಯಾರ ಮನೆಯ ಬಾಣಂತಿ ಯಾರಿಗೂ ತಿಳಿಯದಾದಳು. ದಾನ ಕೊಡುವವರು ಎಷ್ಟೇ ಇದ್ದರೂ ಅದು ಯಾರಿಗೆ ಮುಟ್ಟಿತು, ಮುಟ್ಟಿ ಏನಾಯಿತು ಎಂದು ನೋಡುವವರಿಲ್ಲ. ಈ ತೊಡಕಿನಿಂದಲೇ ೧೮೯೮ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವು ವಾರಗಳ ಬೇಸಗೆ ತರಗತಿಯಾಗಿ ಈ ಶಿಕ್ಷಣ ಆರಂಭವಾಯಿತು. ೧೯೧೭ರಲ್ಲಿ ಮೇರಿ ರಿಚ್ಮಂಡ್ ಎಂಬಾಕೆ 'ಸೋಷಿಯಲ್ ಡಯಾಗ್ನೋಸಿಸ್' ಎಂಬ ದಪ್ಪ ಪುಸ್ತಕ ಬರೆದು, ವೈದ್ಯನು ರೋಗವನ್ನು ಪರೀಕ್ಷಿಸುವಂತೆ ಒಂದು ಸಂಸಾರದ ಕಷ್ಟವನ್ನೂ ಕ್ರಮವಾಗಿ ಪರೀಕ್ಷಿಸಬೇಕೆಂದಳು. ನಮ್ಮ ದೇಶಕ್ಕೆ ಇದು ಬಂದದ್ದು ೧೯೩೬ರಲ್ಲಿ. ಮುಂಬಯಿಯ ನಾಗಪಾಡಾದ ಬಡಾವಣೆಯಲ್ಲಿ ನೆರೆಹೊರೆಯ ಕೇಂದ್ರವೊಂದನ್ನು ನಡೆಸುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಪಾದ್ರಿ, ಟಾಟಾ ದತ್ತಿಯ ನೆರವಿನಿಂದ ಅಲ್ಲಿ ಸಮಾಜಕಾರ್ಯದ ಶಾಲೆಯನ್ನು ತೆರೆದರು. ೧೯೪೪ರಲ್ಲಿ ಅದಕ್ಕೆ ಟಾಟಾ ಸಮಾಜವಿಜ್ಞಾನ ಸಂಸ್ಥೆ ಎಂದು ಹೆಸರಾಯಿತು. ನಮ್ಮ ನಾಡಿನಲ್ಲಿ ಮಂಗಳೂರಿನ ರೋಶನಿ ನಿಲಯ ೧೯೬೦ರಲ್ಲಿಯೇ ಪಾಠ ಆರಂಭಿಸಿತು.

ಈ ಚರಿತ್ರೆಯಲ್ಲಿ ಅತ್ತೆಯವರನ್ನು ಕರಗಿಸಿದ್ದು ಒಂದೇ ಒಂದು ಹೆಸರು. ಮುಂಬಯಿಯ ಆ ಸಂಸ್ಥೆಗೆ ೧೯೫೦ರ ದಶಕದಲ್ಲಿ ನಿರ್ದೇಶಕರಾಗಿದ್ದವರು ಎ. ಆರ್. ವಾಡಿಯಾ, ಅದಕ್ಕೆ ಮೊದಲು ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರೊಫೆಸರಾಗಿದ್ದವರು. ಅತ್ತೆಯವರ ತಂದೆ ಅವರ ಪಾಠ ಕೇಳಿದವರಂತೆ. "ವಾಡಿಯಾ ಅವರೇ ಅಲ್ಲಿಗೆ ಹೋಗಿದ್ರು ಅಂದ್ರೆ ಏನೋ ಇರಬೇಕು ಬಿಡು" ಎಂದು ಅವರು ನನಗೆ ಬೆಳಗಿನ ತಿಂಡಿಯ ಕೆಲಸದಿಂದ ವಿನಾಯಿತಿ ಕೊಟ್ಟರು. ತತ್ತ್ವಶಾಸ್ತ್ರದಿಂದ ನನಗಾದ ನೇರ ಪ್ರಯೋಜನ ಇದೊಂದೇ.

ತರಗತಿಯಲ್ಲಿ ೩೨ ಮಂದಿ. ನನ್ನನ್ನುಳಿದವರೆಲ್ಲ ಇಪ್ಪತ್ತೆರಡು ಇಪ್ಪತ್ಮೂರರವರು. ಮೊದಲ ದಿನ ನಾನು ಒಳಗೆ ಕಾಲಿಟ್ಟೊಡನೆ ಎಲ್ಲರೂ ಎದ್ದು ನಿಂತು, "ಗುಡ್ ಮಾರ್ನಿಂಗ್ ಮೇಡಂ" ಎಂದರು. ಒಂದು ವಾರದಲ್ಲಿ ಆಂಟಿಯಾದೆ, ಒಂದು ತಿಂಗಳಲ್ಲಿ ಅಕ್ಕನಾದೆ. ಪೌರಕಾರ್ಮಿಕರ ಮಗನೊಬ್ಬ, ಹೆಗ್ಗಡದೇವನಕೋಟೆಯ ಕಡೆಯ ಹಾಡಿಯಿಂದ ಬಂದ ಹುಡುಗಿಯೊಬ್ಬಳು, ಒಬ್ಬ ಕ್ರೈಸ್ತ ಸಂನ್ಯಾಸಿನಿ, ಬೇರೆಲ್ಲಿಯೂ ಸೀಟು ಸಿಕ್ಕದೆ ಬಂದವರು ಐದಾರು ಮಂದಿ. ಅರ್ಧದಷ್ಟು ಜನರ ಕಣ್ಣು ಇದ್ದದ್ದು ಕಾರ್ಖಾನೆಗಳ ಸಿಬ್ಬಂದಿ ವಿಭಾಗದ ಮೇಲೆ. ಇದನ್ನು ಕೇಳಿ ಮೂಗು ಮುರಿಯುವವರುಂಟು. ಆದರೆ ಈ ದಾರಿಯೂ ಹಳೆಯದೇ. ೧೯೪೮ರ ಕಾರ್ಖಾನೆಗಳ ಕಾಯಿದೆ, ೫೦೦ ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಒಬ್ಬ ಕ್ಷೇಮಾಧಿಕಾರಿ ಇರಲೇಬೇಕೆಂದು ವಿಧಿಸಿತು; ಸಮಾಜಕಾರ್ಯ ಓದಿದವರಿಗೆ ಖಚಿತವಾದ ಸಂಬಳದ ನೌಕರಿ ಮೊದಲು ಕಂಡದ್ದು ಅಲ್ಲಿಯೇ. ಮನೆಯಲ್ಲಿ ಸಾಲವಿರುವ ಹುಡುಗ ಸಂಬಳವಿರುವ ಬಾಗಿಲನ್ನು ತಟ್ಟುವುದರಲ್ಲಿ ತಪ್ಪೇನು? ಪಿಂಚಣಿ ಬರುವ ನನ್ನಂಥವಳು ಅವನಿಗೆ ತ್ಯಾಗದ ಪಾಠ ಹೇಳುವುದು ಶೋಭಿಸದು.

ಪಾಠಗಳ ಹೆಸರುಗಳೆಲ್ಲ ಘನವಾದವು: ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಸಂಶೋಧನಾ ವಿಧಾನ. ಪುಸ್ತಕಗಳು ಬಹುಪಾಲು ಅಮೆರಿಕದವು. ಅವುಗಳಲ್ಲಿ ಬರುವ 'ಕ್ಲೈಂಟ್' ಎಂಬ ಪದಕ್ಕೆ ಕನ್ನಡವೇನು ಎಂಬ ಬಗ್ಗೆ ನಮ್ಮಲ್ಲಿ ಎರಡು ತಾಸು ಚರ್ಚೆಯಾಯಿತು. ಕಕ್ಷಿಗಾರ ಎಂದರೆ ವಕೀಲರ ಕಚೇರಿಯ ವಾಸನೆ. ಗಿರಾಕಿ ಎಂದರೆ ಅಂಗಡಿ. ಫಲಾನುಭವಿ ಎಂದರೆ ಸರ್ಕಾರಿ ಸಮಾರಂಭದಲ್ಲಿ ಹೊಲಿಗೆ ಯಂತ್ರ ಪಡೆಯಲು ಸಾಲಿನಲ್ಲಿ ನಿಂತವರು. ಅಧ್ಯಾಪಕರೊಬ್ಬರು 'ಸೇವಾರ್ಥಿ' ಎಂದು ಬರೆಸಿದರು. ದೇವಸ್ಥಾನದಲ್ಲಿ ಸೇವಾರ್ಥಿಯೆಂದರೆ ದುಡ್ಡು ಕೊಟ್ಟು ಚೀಟಿ ಪಡೆದು ಅಭಿಷೇಕ ಮಾಡಿಸುವವನು; ಅವನು ಬಂದರೆ ಅರ್ಚಕರು ಎದ್ದು ಮಾತನಾಡಿಸುತ್ತಾರೆ. ಆ ಮರ್ಯಾದೆಯೂ ಪದದ ಜೊತೆಗೆ ಬರುವುದಾದರೆ ಬರಲಿ ಎಂದು ನಾನೂ ಅದಕ್ಕೇ ಮತ ಹಾಕಿದೆ.

ಈ ಪುಸ್ತಕಗಳಲ್ಲಿ ಫೀಲಿಕ್ಸ್ ಬೀಸ್ಟೆಕ್ ಎಂಬ ಪಾದ್ರಿ ೧೯೫೭ರಲ್ಲಿ ಬರೆದದ್ದೊಂದು ಚಿಕ್ಕದು. ಕಷ್ಟದಲ್ಲಿರುವವರೊಡನೆ ವ್ಯವಹರಿಸುವಾಗ ಪಾಲಿಸಬೇಕಾದ ಏಳು ತತ್ತ್ವಗಳನ್ನು ಆತ ಹೇಳುತ್ತಾನೆ. ಏಳನ್ನೂ ಇಲ್ಲಿ ಬರೆದು ವಾಚಕರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ನಮ್ಮಂಥ ಮನೆಗಳವರಿಗೆ ಗಂಟಲಲ್ಲಿ ಇಳಿಯದ ಮೂರನ್ನು ಮಾತ್ರ ಹೇಳುತ್ತೇನೆ. ಎದುರಿನವರ ನಡತೆಯ ಮೇಲೆ ತೀರ್ಪು ಕೊಡಕೂಡದು. ಅವರು ಹೇಳಿದ್ದನ್ನು ಹೊರಗೆ ಆಡಕೂಡದು. ಅವರ ಬಾಳಿನ ನಿರ್ಧಾರವನ್ನು ಅವರೇ ಮಾಡಬೇಕು, ನೀವು ಮಾಡಕೂಡದು. ಈ ಮೂರನ್ನೂ ಬಿಟ್ಟರೆ ನಮ್ಮ ಸಂಜೆಯ ಕಾಫಿಯ ಹೊತ್ತಿನಲ್ಲಿ ಮಾತನಾಡಲು ಏನು ಉಳಿಯುತ್ತದೆ, ನೀವೇ ಹೇಳಿ! ಒಂದು ಹಳೆಯ ಸೀರೆ, ಎರಡು ಸೇರು ಅಕ್ಕಿ, ಅವುಗಳ ಮೇಲೆ ಒಂದು ಹಿಡಿ ಬುದ್ಧಿಮಾತು, ಇಷ್ಟೂ ಸೇರಿದರೇ ನಮ್ಮಲ್ಲಿ ಉಪಕಾರ ಪೂರ್ತಿಯಾಗುವುದು. ಇಲ್ಲಿ ಸೀರೆಯೂ ಇಲ್ಲ, ಬುದ್ಧಿಮಾತಂತೂ ನಿಷಿದ್ಧ.

ಇವೆಲ್ಲ ಕಾಗದದ ಮೇಲಿನ ಮಾತಾಗಿ ಉಳಿಯದಿರುವುದಕ್ಕೆ ಕಾರಣ ಕ್ಷೇತ್ರಕಾರ್ಯ. ವಾರದಲ್ಲಿ ಎರಡು ದಿನ ತರಗತಿಯಿಲ್ಲ. ಆಸ್ಪತ್ರೆ, ಬಾಲಮಂದಿರ, ಕೊಳೆಗೇರಿ, ವೃದ್ಧಾಶ್ರಮ, ಹೀಗೆ ಒಂದೊಂದು ಕಡೆಗೆ ಇಬ್ಬಿಬ್ಬರನ್ನು ಕಳಿಸುತ್ತಾರೆ. ಅಲ್ಲಿ ಆಡಿದ ಮಾತು ಕೇಳಿದ ಮಾತುಗಳನ್ನೆಲ್ಲ ಅದೇ ರಾತ್ರಿ ಬರೆದು ಮೇಲ್ವಿಚಾರಕರಿಗೆ ಒಪ್ಪಿಸಬೇಕು. ನನ್ನ ಮೇಲ್ವಿಚಾರಕಿಗೆ ವಯಸ್ಸು ನನಗಿಂತ ಹದಿನೈದು ವರ್ಷ ಕಡಮೆ. ಸೀಸದಕಡ್ಡಿಯಿಂದ ಅಂಚಿನಲ್ಲಿ ಅವರು ಬರೆಯುತ್ತಿದ್ದದ್ದು ಎಲ್ಲರ ಪುಸ್ತಕದಲ್ಲಿಯೂ ಒಂದೇ ಪ್ರಶ್ನೆ: "ಇದು ಆಕೆಯ ಮಾತೋ, ನಿಮ್ಮ ಊಹೆಯೋ?"

ನನ್ನ ಪಾಲಿಗೆ ಬಂದದ್ದು ಒಂದು ಸರ್ಕಾರಿ ಆಸ್ಪತ್ರೆಯ ಕ್ಷಯರೋಗದ ವಿಭಾಗ. ಮೈಸೂರಿನವರಿಗೆ ಕ್ಷಯವೆಂದರೆ ೧೯೨೧ರ ಕೃಷ್ಣಾಜಮ್ಮಣ್ಣಿ ಸ್ಯಾನಿಟೋರಿಯಂ ನೆನಪಾಗುತ್ತದೆ. ಆ ಕಾಲದಲ್ಲಿ ರೋಗಿಯನ್ನು ಊರ ಹೊರಗಿನ ಗಾಳಿ ಬೆಳಕಿನ ಕಟ್ಟಡದಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. ಔಷಧಗಳು ಬಂದ ಮೇಲೆ ಮದ್ರಾಸಿನಲ್ಲಿ ಒಂದು ಪರೀಕ್ಷೆ ನಡೆಯಿತು: ಕೆಲವರಿಗೆ ಸ್ಯಾನಿಟೋರಿಯಂನಲ್ಲಿ, ಕೆಲವರಿಗೆ ಅವರವರ ಗುಡಿಸಲುಗಳಲ್ಲಿಯೇ ಔಷಧ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಹೆಚ್ಚುಕಡಮೆ ಅಷ್ಟೇ ಗುಣವಾದರು ಎಂಬ ಫಲಿತಾಂಶ ೧೯೫೯ರಲ್ಲಿ ಪ್ರಕಟವಾಗಿ ಲೋಕದ ಚಿಕಿತ್ಸಾಕ್ರಮವೇ ಬದಲಾಯಿತು. ಅಂದಿನಿಂದ ರೋಗಿಯ ಮನೆಯೇ ವಾರ್ಡು. ಅತ್ತೆ, ನಾದಿನಿ, ಮಾಲೀಕ, ನೆರೆಯವರು, ಎಲ್ಲರೂ ಆ ವಾರ್ಡಿನೊಳಗೇ ಓಡಾಡುವವರು. ಗುಳಿಗೆಗೂ ರೋಗಿಯ ಬಾಯಿಗೂ ನಡುವೆ ಇಷ್ಟು ಜನ ನಿಂತಿರುವಾಗ ವೈದ್ಯರ ಚೀಟಿಯೊಂದೇ ಸಾಲದು.

ತುಮಕೂರು ಜಿಲ್ಲೆಯಲ್ಲಿ ನಡೆದು ೧೯೬೩ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನೂ ನಮಗೆ ಓದಿಸಿದರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಹಳ್ಳಿಗಳಿಗೆ ಹೋಗಿ ಕ್ಷಯವಿರುವವರನ್ನೇ ವಿಚಾರಿಸಿದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಪಟ್ಟಣದವರ ನಂಬಿಕೆಯಾಗಿತ್ತು. ವಿಚಾರಿಸಿದಾಗ ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಗಾಗಿ ಹೋಗಿದ್ದವರು! ಕೆಮ್ಮಿನ ಔಷಧ ಕೊಟ್ಟು ಅವರನ್ನು ಹಿಂದಕ್ಕೆ ಕಳಿಸಲಾಗಿತ್ತು. ಕೇಳುವುದೂ ಒಂದು ಶಾಸ್ತ್ರ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡವೆನಿಸಿತು.

ಈಗ ಆ ಹೆಂಗಸಿನ ವಿಷಯ. ಆಕೆಯ ಹೆಸರನ್ನೂ ಬೀದಿಯನ್ನೂ ಹೇಳುವಂತಿಲ್ಲ; ಗುರುತು ಹತ್ತುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು ಇಪ್ಪತ್ತೆಂಟು. ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆಯುವ ಕೆಲಸ. ಕೂಲಿ ಸಾವಿರ ಕಡ್ಡಿಗೆ ಇಷ್ಟೆಂದು. ಗಂಡ ಗೋಡೆಗಳಿಗೆ ಬಣ್ಣ ಹೊಡೆಯುವವನು. ಮನೆಯಲ್ಲಿ ಅತ್ತೆ, ಮದುವೆಗೆ ಬಂದ ನಾದಿನಿ, ನಾಲ್ಕು ವರ್ಷದ ಮಗಳು. ಶ್ವಾಸಕೋಶದ ಕ್ಷಯ, ಆರು ತಿಂಗಳು ತಪ್ಪದೆ ಔಷಧ ಸೇವಿಸಬೇಕು. ಎರಡನೆಯ ತಿಂಗಳಲ್ಲಿಯೇ ಆಕೆ ಬರುವುದು ಹಿಂದುಮುಂದಾಯಿತು.

ಹೀಗೆ ತಪ್ಪಿಸುವವರನ್ನು ಹಳೆಯ ಕಡತಗಳಲ್ಲಿ 'ಡಿಫಾಲ್ಟರ್' ಎಂದು ಬರೆಯುತ್ತಿದ್ದರು. ಸಾಲ ತೀರಿಸದವರಿಗೆ ಬ್ಯಾಂಕಿನಲ್ಲಿ ನಾನು ೨೬ ವರ್ಷ ಬಳಸಿದ್ದೂ ಅದೇ ಪದ. ವಿಶ್ವ ಆರೋಗ್ಯ ಸಂಸ್ಥೆ ೨೦೧೩ರಲ್ಲಿ ಆ ಪದವನ್ನು ಕೈಬಿಟ್ಟಿತು. ರೋಗಿ ತಪ್ಪಿಸಿಕೊಂಡನೆನ್ನುವ ಬದಲು, ರೋಗಿ ನಮ್ಮ ಕಣ್ಣಿಂದ ತಪ್ಪಿಹೋದ ಎಂಬರ್ಥದ ಮಾತು ಅದರ ಸ್ಥಾನಕ್ಕೆ ಬಂದಿತು. ಬ್ಯಾಂಕುಗಳು ಇನ್ನೂ ಅಷ್ಟು ದೂರ ಬಂದಿಲ್ಲ.

ಆಕೆಯ ಕಾರ್ಡಿನಲ್ಲಿ ಇನ್ನೊಂದು ವಿಚಿತ್ರವಿತ್ತು. ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ೨೦೧೮ರಿಂದ ಕೇಂದ್ರ ಸರ್ಕಾರ ತಿಂಗಳಿಗೆ ೫೦೦ ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕುತ್ತಿತ್ತು. ೨೦೨೪ರ ನವೆಂಬರಿನಿಂದ ಅದು ೧,೦೦೦ ಆಯಿತು. ಈಕೆ ಖಾತೆಯ ಸಂಖ್ಯೆಯನ್ನೇ ಕೊಟ್ಟಿರಲಿಲ್ಲ. "ಸವಲತ್ತು ಬೇಡವೆಂದಿದ್ದಾರೆ" ಎಂದು ಯಾರೋ ಬರೆದಿದ್ದರು. ದಿನವಿಡೀ ಹೊಸೆದು ನೂರೈವತ್ತು ರೂಪಾಯಿ ಕಾಣದ ಹೆಂಗಸು ಐನೂರನ್ನು ಬೇಡವೆನ್ನುವುದುಂಟೆ?

ಮೊದಲ ಎರಡು ಭೇಟಿಗಳಲ್ಲಿ ಆಕೆ ಹೇಳಿದ್ದು "ಪುರಸೊತ್ತಿಲ್ಲ ಅಕ್ಕ" ಎಂಬುದಿಷ್ಟೆ. ಮೂರನೆಯ ಸಲ ನಾನು ರೋಗದ ಮಾತನ್ನೇ ಎತ್ತದೆ ಊದುಬತ್ತಿಯ ವಿಷಯ ಕೇಳಿದೆ. ಕಡ್ಡಿಗೆ ಕಪ್ಪು ಹಿಟ್ಟನ್ನು ಹೇಗೆ ಹಿಡಿಸುವುದು, ಎಷ್ಟು ತೇವ ಇರಬೇಕು, ಮಳೆಗಾಲದಲ್ಲಿ ಒಣಗದೆ ಎಷ್ಟು ಹಾಳಾಗುತ್ತದೆ ಎಂದೆಲ್ಲ ಬೆರಳಾಡಿಸಿ ತೋರಿಸುತ್ತ ತೋರಿಸುತ್ತ, "ಗುಳಿಗೇನೂ ಆ ಪುಡಿ ಡಬ್ಬದಲ್ಲೇ ಬಚ್ಚಿಟ್ಟಿದೀನಿ" ಎಂದುಬಿಟ್ಟಳು. ಆಮೇಲೆ ಉಳಿದದ್ದು ತಾನಾಗಿ ಬಂದಿತು. ನಾದಿನಿಗೆ ಸಂಬಂಧ ಗೊತ್ತಾಗಿದೆ. ಯುಗಾದಿ ಕಳೆದ ಮೇಲೆ ಮದುವೆ. ಮನೆಯಲ್ಲಿ ಕ್ಷಯವುಂಟೆಂದು ಬೀಗರಿಗೆ ತಿಳಿದರೆ ಮದುವೆ ಮುರಿಯುತ್ತದೆ. ಮುರಿದರೆ ಅತ್ತೆ ತನ್ನನ್ನು ತೌರಿಗೆ ಅಟ್ಟುವುದು ಖಂಡಿತ. ತೌರಿನಲ್ಲಿ ಇರುವವಳು ತಾಯಿಯೊಬ್ಬಳೇ. ಗಂಡನಿಗೂ ಹೇಳಿಲ್ಲ. ಐನೂರು ರೂಪಾಯಿಯ ವಿಷಯ ಕೇಳಿದೆ. "ಖಾತೆಗೆ ದುಡ್ಡು ಬಿದ್ರೆ ಅವರ ಫೋನಿಗೇ ಮೆಸೇಜು ಬರೋದು ಅಕ್ಕ. ಎಲ್ಲೀದು ಅಂದ್ರೆ ಏನಂತ ಹೇಳ್ಲಿ?"

ನನ್ನ ಜೀವಮಾನದಲ್ಲಿ ಸಾವಿರಾರು ಖಾತೆಗಳನ್ನು ತೆರೆದುಕೊಟ್ಟಿದ್ದೇನೆ. ಅರ್ಜಿಯ ಆ ಮೊಬೈಲ್ ಸಂಖ್ಯೆಯ ಕಾಲಮಿನಲ್ಲಿ ಇಷ್ಟು ದೊಡ್ಡ ಸಂಸಾರ ಅಡಗಿರಬಹುದೆಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ.

ನನ್ನ ವಯಸ್ಸಿನ ಯಾವ ಹೆಂಗಸಿಗಾದರೂ ಆ ಕ್ಷಣದಲ್ಲಿ ಅನ್ನಿಸುವುದು ಒಂದೇ: ನೇರವಾಗಿ ಆ ಮನೆಗೆ ಹೋಗಿ, ಅತ್ತೆಯನ್ನು ಕೂರಿಸಿಕೊಂಡು, "ನೋಡಿ ಅಮ್ಮ, ಇದು ವಾಸಿಯಾಗುವ ಕಾಯಿಲೆ, ಔಷಧ ಸರಿಯಾಗಿ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ಇನ್ನೊಬ್ಬರಿಗೆ ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ" ಎಂದು ಹೇಳಬೇಕೆಂದು. ಹೇಳುವ ಧೈರ್ಯವೂ ನನಗಿತ್ತು, ಹೇಳುವ ಬಗೆಯೂ ತಿಳಿದಿತ್ತು. ಆದರೆ ಹೇಳುವ ಅಧಿಕಾರ ಇರಲಿಲ್ಲ. ಆಕೆ ತೆರೆದದ್ದು ಆ ಕೊಠಡಿಯೊಳಗೆ, ನನ್ನೆದುರಿಗೆ. ಇನ್ನೊಂದು ಕಡೆ ನಾಲ್ಕು ವರ್ಷದ ಮಗು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಆ ಮಕ್ಕಳನ್ನು ಪರೀಕ್ಷಿಸಬೇಕು. ರೋಗವಿಲ್ಲದಿದ್ದರೂ ಅದು ತಗಲದಂತೆ ಔಷಧ ಕೊಡಬೇಕು. ತಾಯಿಯ ಗುಟ್ಟನ್ನು ಕಾಯುತ್ತ ಕುಳಿತರೆ ಮಗುವಿನ ಗತಿಯೇನು? ಅಂದು ರಾತ್ರಿ ವರದಿ ಬರೆಯಲು ಹನ್ನೆರಡೂವರೆಯಾಯಿತು. ನಮ್ಮ ಯಜಮಾನರು ಎದ್ದು ಬಂದು, "ಬ್ಯಾಂಕಿನ ವಾರ್ಷಿಕ ಲೆಕ್ಕದಲ್ಲೂ ನೀನು ಇಷ್ಟು ಹೊತ್ತು ಕೂತಿದ್ದಿಲ್ಲ" ಎಂದರು. ಏನಾಯಿತೆಂದು ಕೇಳಿದರು. ಹೇಳುವಂತಿಲ್ಲವೆಂದೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರಿಗೆ ಇದು ಹೊಸದು.

ಮೇಲ್ವಿಚಾರಕಿ ಪುಸ್ತಕವನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಗುವಿನ ಪರೀಕ್ಷೆ ಆಗಲೇಬೇಕು. ಅದರಲ್ಲಿ ಆಕೆಗೆ ಆಯ್ಕೆಯಿಲ್ಲ, ನಮಗೂ ಇಲ್ಲ. ಅದನ್ನು ಆಕೆಗೆ ಮುಚ್ಚುಮರೆಯಿಲ್ಲದೆ ಹೇಳಿ. ಯಾವ ದಿನ, ಹೇಗೆ, ಯಾರಿಗೆ ಏನು ಹೇಳಿ ಕರೆತರುವುದು ಎಂಬುದು ಆಕೆಯದು. ಮಿಕ್ಕದ್ದಕ್ಕೆ ಕಾಯೋಣ" ಎಂದರು. ಬೀಸ್ಟೆಕ್ ಕೂಡ ಸ್ವನಿರ್ಧಾರಕ್ಕೆ ಮಿತಿಗಳನ್ನು ಹೇಳಿದ್ದಾನೆ. ಅದೇ ಅಧ್ಯಾಯದ ಕೊನೆಯ ಪುಟಗಳಲ್ಲಿ. ನಮ್ಮಲ್ಲಿ ಆ ಪುಟಗಳವರೆಗೆ ಓದಿದವರು ಕಡಮೆ.

ಹೇಳಿದೆ. ಆಕೆಯ ಮುಖ ಬಿಗಿಯಿತು. "ನೀವೂ ಅವರ ಕಡೇನೇ" ಎಂದು ಎದ್ದು ಹೋದಳು. ಮುಂದಿನ ಕ್ಷೇತ್ರಕಾರ್ಯದ ದಿನದವರೆಗೆ ನಾಲ್ಕು ದಿನ. ಆ ನಾಲ್ಕು ದಿನಗಳನ್ನು ಹೇಗೆ ಕಳೆದೆನೆಂಬುದನ್ನು ವಿವರಿಸಲಾರೆ. ಮಗಳು ಹಾಸ್ಟೆಲಿನಿಂದ ಫೋನು ಮಾಡಿದರೂ ಮಾತು ನಾಲಗೆಗೆ ಬರುತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊರರೋಗಿಗಳ ಸಾಲಿನಲ್ಲಿ, ಎಣ್ಣೆ ಹಾಕಿ ಬಿಗಿದು ಎರಡು ಜಡೆ ಹೆಣೆದು, ಹಬ್ಬದ ಲಂಗ ಉಡಿಸಿದ್ದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಆಕೆ ನಿಂತಿದ್ದಳು. ಅತ್ತೆಗೆ ಹೇಳಿ ಬಂದದ್ದು, ಮಗುವಿಗೆ ನೆಗಡಿಯೆಂದು.

ಮಗುವಿಗೆ ರೋಗವಿರಲಿಲ್ಲ. ತಡೆಗಟ್ಟುವ ಔಷಧವನ್ನು ಕೊಟ್ಟರು. ಈಗ ಬಚ್ಚಿಡಬೇಕಾದ ಗುಳಿಗೆ ಇಬ್ಬರದಾಯಿತು. ನಾಲ್ಕು ವರ್ಷದ ಮಗುವಿಗೆ ಗುಟ್ಟು ಕಲಿಸುವುದು ಯಾರಿಂದ ಸಾಧ್ಯ? ಎರಡು ವಾರ ಆಕೆಯೇ ಯೋಚಿಸಿ, "ಅವರಿಗೆ ಹೇಳ್ತೀನಿ. ಆದ್ರೆ ಮನೇಲಲ್ಲ, ಇಲ್ಲಿ. ನೀವು ಸುಮ್ಮನೆ ಪಕ್ಕದಲ್ಲಿ ಇರಬೇಕು" ಎಂದಳು. ಗಂಡ ಬಂದ. ಬೆರಳ ಸಂದಿಯಲ್ಲಿ ನೀಲಿ ಬಣ್ಣ ಇನ್ನೂ ಒಣಗಿರಲಿಲ್ಲ. ಆಕೆ ನಾಲ್ಕೇ ವಾಕ್ಯಗಳಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದಳು. ಅವನು ಬಹಳ ಹೊತ್ತು ನೆಲ ನೋಡಿದ. ನಾನು ಬಾಯಿ ಬಿಡಲಿಲ್ಲ. ಇಡೀ ಎರಡು ವರ್ಷಗಳ ಶಿಕ್ಷಣದಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಅದು. ಕೊನೆಗೆ ಅವನು, "ಮದುವೆ ಮುಗಿಯೋ ತನಕ ಅಮ್ಮಂಗೆ ಬೇಡ. ಗುಳಿಗೆ ನಾನು ಇಟ್ಕೋತೀನಿ" ಎಂದ. ಬಣ್ಣದ ಕುಂಚಗಳ ಚೀಲದಲ್ಲಿ ಎಂದು ಆಮೇಲೆ ತಿಳಿಯಿತು. ಖಾತೆಯ ಸಂಖ್ಯೆಯನ್ನೂ ಅವನೇ ಬರೆಸಿಹೋದ.

ಗುಟ್ಟು ಪೂರ್ತಿಯಾಗಿ ಬಯಲಾಗಲಿಲ್ಲ. ಅತ್ತೆಗೂ ನಾದಿನಿಗೂ ಪರೀಕ್ಷೆಯಾಗಬೇಕಾದದ್ದು ಹಾಗೆಯೇ ಉಳಿಯಿತು. ಪುಸ್ತಕದ ಪ್ರಕಾರ ಇದು ಅರ್ಧ ಕೆಲಸ. ಕೆಮ್ಮು ಕಂಡೊಡನೆ ಯಾರನ್ನಾದರೂ ಕರೆತರುವುದಾಗಿ ಗಂಡ ಒಪ್ಪಿಕೊಂಡಿದ್ದ, ಅಷ್ಟೆ.

ಅಷ್ಟರಲ್ಲಿ ಸೆಮಿಸ್ಟರ್ ಮುಗಿಯಿತು. ವಿದ್ಯಾರ್ಥಿಗಳನ್ನು ಒಂದೊಂದು ಅವಧಿಗೆ ಒಂದೊಂದು ಕಡೆಗೆ ಬದಲಿಸುವುದು ವಾಡಿಕೆ. ಎಲ್ಲ ಬಗೆಯ ಅನುಭವವೂ ದೊರಕಲಿ ಎಂದು. ನಮಗೇನೋ ಅನುಭವ ದೊರಕುತ್ತದೆ. ಆಕೆಗೆ ಆಗ ಇನ್ನೂ ಏಳು ವಾರಗಳ ಗುಳಿಗೆ ಬಾಕಿಯಿತ್ತು. ಇನ್ನು ಮುಂದೆ ಬೇರೊಬ್ಬರು ಬರುತ್ತಾರೆಂದಾಗ ಆಕೆ ಕೇಳಿದಳು: "ಅವರಿಗೆ ಮತ್ತೆ ಎಲ್ಲಾನೂ ಮೊದಲಿಂದ ಹೇಳಬೇಕಾ ಅಕ್ಕ?"

ಈ ಪ್ರಶ್ನೆಯನ್ನು ನಾನು ತರಗತಿಯ ಸಭೆಯಲ್ಲಿ ಎತ್ತಿದೆ. ಸಂಬಂಧವನ್ನು ಹೇಗೆ ಮುಕ್ತಾಯಗೊಳಿಸಬೇಕೆಂಬುದಕ್ಕೆ ಪಠ್ಯದಲ್ಲಿ ಒಂದು ಅಧ್ಯಾಯವೇ ಇದೆ. ಆದರೆ ಅದು ಕೆಲಸ ಮುಗಿದಾಗಿನ ಮುಕ್ತಾಯ, ಪರೀಕ್ಷೆಯ ವೇಳಾಪಟ್ಟಿ ಬಂದಾಗಿನದಲ್ಲ. ಬಹಳ ವಾದವಾಯಿತು. ಪೌರಕಾರ್ಮಿಕರ ಮಗನಾದ ಆ ಹುಡುಗ, "ನಮ್ಮ ಕಾಲೋನಿಗೂ ಪ್ರತಿ ವರ್ಷ ಹೊಸ ಬ್ಯಾಚು ಬರುತ್ತಿತ್ತು. ನನ್ನಮ್ಮ ಅದೇ ಉತ್ತರಗಳನ್ನು ಐದು ವರ್ಷ ಹೇಳಿದ್ದಾರೆ" ಎಂದ ಮೇಲೆ ವಾದ ನಿಂತಿತು. ಕೊನೆಯ ಎರಡು ಭೇಟಿಗಳಿಗೆ ಹೊಸ ವಿದ್ಯಾರ್ಥಿನಿಯೂ ನನ್ನ ಜೊತೆಗೆ ಬರಬಹುದೆಂದು ಅನುಮತಿ ದೊರೆಯಿತು. ನನ್ನ ವರದಿಗಳಲ್ಲಿ ಯಾವುದನ್ನು ಅವಳಿಗೆ ತೋರಿಸಬಹುದು, ಯಾವುದನ್ನು ಬೇಡ ಎಂದು ಆ ಹೆಂಗಸನ್ನೇ ಕೇಳಿದೆವು. ಗಂಡ ಬಂದ ದಿನದ್ದು ಬೇಡ ಎಂದಳು.

ಕೊನೆಯ ದಿನ ಕಾಗದದಲ್ಲಿ ಸುತ್ತಿದ ಒಂದು ಕಟ್ಟನ್ನು ಕೈಗಿತ್ತಳು. ಊದುಬತ್ತಿ. "ಇನ್ನೂ ಸೆಂಟು ಹಾಕಿಲ್ಲ ಅಕ್ಕ. ಸುಮ್ಮನೆ ಉರಿಯುತ್ತೆ ಅಷ್ಟೆ." ಸೇವಾರ್ಥಿಗಳಿಂದ ಏನನ್ನೂ ಪಡೆಯಬಾರದೆಂದು ನಿಯಮ. ಕೈನೀಡಿ ಕೊಟ್ಟದ್ದನ್ನು ತಳ್ಳಬಾರದೆಂದು ನಮ್ಮ ಊರಿನ ನಿಯಮ. ಎರಡು ಕಡ್ಡಿಗಳನ್ನು ತೆಗೆದುಕೊಂಡು ಉಳಿದದ್ದನ್ನು ಹಿಂದಿರುಗಿಸಿದೆ. ಸಾವಿರಕ್ಕೆ ಇಷ್ಟೆಂದು ಲೆಕ್ಕ ಒಪ್ಪಿಸಬೇಕಾದ ಮಾಲಲ್ಲವೆ ಅದು.

ಎರಡನೆಯ ವರ್ಷ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ಆರಿಸಿಕೊಂಡೆ. ಗ್ರಾಮೀಣ ಶಿಬಿರ, ಪ್ರಬಂಧ, ಮೌಖಿಕ ಪರೀಕ್ಷೆ ಎಲ್ಲವೂ ಆದವು. ಅವುಗಳ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಶಿಬಿರದಲ್ಲಿ ಮೂವತ್ತು ಜನರಿಗೆ ಉಪ್ಪಿಟ್ಟು ಮಾಡಿದ್ದಕ್ಕೆ ನನಗೆ ಅಂಕ ಕೊಡಲಿಲ್ಲ ಎಂಬುದೊಂದನ್ನು ಬಿಟ್ಟು. ೨೦೨೪ರಲ್ಲಿ ಪದವಿ ಬಂದಿತು. ಗೆಳೆಯರಲ್ಲಿ ಹಲವರು ಕಾರ್ಖಾನೆಗಳಿಗೆ ಸೇರಿದರು. ಹಾಡಿಯ ಹುಡುಗಿ ಮಕ್ಕಳ ರಕ್ಷಣಾ ಕೆಲಸದಲ್ಲಿದ್ದಾಳೆ. ಗುತ್ತಿ​ಗೆಯ ನೌಕರಿ, ಸಂಬಳ ಎರಡು ಮೂರು ತಿಂಗಳಿಗೊಮ್ಮೆ. ವೈದ್ಯರಿಗೆ, ವಕೀಲರಿಗೆ, ದಾದಿಯರಿಗೆ ಕಾನೂನಿನ ಬಲವುಳ್ಳ ಮಂಡಲಿಗಳಿವೆ. ಸಮಾಜಕಾರ್ಯಕ್ಕೆ, ೧೯೩೬ರಿಂದ ಪಾಠ ನಡೆದರೂ, ಅಂಥ ಪ್ರತ್ಯೇಕ ಮಂಡಲಿಯಾಗಿಲ್ಲ; ಆಸ್ಪತ್ರೆಗಳಲ್ಲಿ ದುಡಿಯುವವರನ್ನು ಮಾತ್ರ ೨೦೨೧ರ ಆರೋಗ್ಯ ವೃತ್ತಿಗಳ ಕಾಯಿದೆಯ ಪಟ್ಟಿಯಲ್ಲಿ ಸೇರಿಸಿದ್ದಾರೆ. ಮಂಡಲಿಯಿಲ್ಲದ ಕಾರಣ ಯಾರು ಬೇಕಾದರೂ ಕೊರಳಿಗೆ ಹಾರ ಹಾಕಿಸಿಕೊಂಡು ಸಮಾಜಸೇವಕರೆನಿಸಿಕೊಳ್ಳಬಹುದು, ಎರಡು ವರ್ಷ ಓದಿದವಳು ಹದಿನೈದು ಸಾವಿರಕ್ಕೆ ದುಡಿಯಬಹುದು.

ನನಗೆ ಈಗ ಒಂದು ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ದಿನದ ಕೆಲಸ. ಬಿಳಿಯ ಕೋಟಿಲ್ಲ, ಕೊರಳಲ್ಲಿ ಸ್ಟೆತಾಸ್ಕೋಪಿಲ್ಲ. ಕೈಯಲ್ಲಿ ಒಂದು ಪುಸ್ತಕ ಮತ್ತು ಸೀಸದಕಡ್ಡಿ. ಸೇರಿದ ಮೊದಲ ವಾರ ಗಂಡಸರ ವಾರ್ಡಿನ ಕೊನೆಯ ಮಂಚದಲ್ಲಿದ್ದ ಮುದುಕರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಡಾಕ್ಟ್ರಾ ತಾಯಿ?" ಎಂದು ಕೇಳಿದರು. ಅಲ್ಲವೆಂದೆ. "ನರ್ಸಮ್ಮಾನಾ?" ಅದೂ ಅಲ್ಲವೆಂದೆ. ಅವರು ಸ್ವಲ್ಪ ಯೋಚಿಸಿ, ಕಾಲುಗಳನ್ನು ಮಡಿಚಿಕೊಂಡು ಮಂಚದ ತುದಿಯಲ್ಲಿ ಜಾಗ ಮಾಡಿದರು.

"ಹಂಗಾದ್ರೆ ನಿಮಗೆ ಪುರಸೊತ್ತಿರಬೇಕು. ಕೂತ್ಕೊಳ್ಳಿ."